ಎಷ್ಟು ಇಳಿಯಿತೋ ಅಷ್ಟು

ಮೊದಲ ಏಟಿಗೆ ಆಫೀಸ್ ಕೋಣೆಯ ಗಾಜು ಹೋಯಿತು. ಎರಡನೆಯದಕ್ಕೆ ಮೇಜಿನ ಮೇಲಿದ್ದ ಫೋನು. ಮೂರನೆಯದು ಭಾವನ ಭುಜಕ್ಕೆ ಬಿತ್ತು. ಕಾರಿನ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದ ಅಳತೆಯ್ಯನಿಗೆ ಆ ಏಟಿನ ಸದ್ದು ಕೇಳಲಿಲ್ಲ, ಭಾವನ ಬಾಯಿಂದ ಹೊರಟ ಉಸಿರು ಕೇಳಿತು. ಟೈರಿನ ಗಾಳಿ ಬಿಟ್ಟ ಹಾಗಿತ್ತು.

ಅವನು ಜಾರುಹಲಗೆಯ ಮೇಲೆ ಸರಿದು ಹೊರಬಂದ. ಯಾವುದನ್ನೇ ಆಗಲಿ ಎರಡೆರಡು ಸಲ ಅಳೆಯದೆ ಸಮಾಧಾನವಾಗದ ಮನುಷ್ಯ ಎಂದು ಭಾವನೇ ಅವನಿಗೆ ಅಳತೆಯ್ಯ ಅನ್ನುವ ಅಡ್ಡಹೆಸರು ಇಟ್ಟಿದ್ದ. ಭಾವ ಎಂದರೆ ಅವನ ಹೆಂಡತಿಯ ಅಣ್ಣ, ಗ್ಯಾರೇಜು ಭಾವನದು.

ಕೋಣೆಯ ಬಾಗಿಲಲ್ಲಿ ಕಬ್ಬಿಣದ ಸರಳು ಹಿಡಿದು ನಿಂತಿದ್ದವನು ಬ್ರೆಡ್ಡಣ್ಣ. ಬೇಕರಿಯಿಂದ ಅಂಗಡಿಗಳಿಗೆ ಬ್ರೆಡ್ಡು ಸಾಗಿಸುವ ವ್ಯಾನಿಗೆ ಮಾಲೀಕನೂ ಅವನೇ, ಡ್ರೈವರೂ ಅವನೇ. ಹಣೆಗೆ ಸುತ್ತಿದ ಬಟ್ಟೆಯಲ್ಲಿ ರಕ್ತ ಕಂದಾಗಿ ಒಣಗಿತ್ತು. ಹಗ್ಗ ಕಟ್ಟಿ ಎಳೆಸಿಕೊಂಡು ಬಂದ ಅವನ ವ್ಯಾನು ಗೇಟಿಗೆ ಅಡ್ಡವಾಗಿ ನಿಂತಿತ್ತು. ಅದರ ಹಿಂಭಾಗ ತುಳಿದ ಡಬ್ಬದಂತೆ ನಜ್ಜುಗುಜ್ಜಾಗಿತ್ತು.

"ಯಾವ ಎಣ್ಣೆ ಹಾಕ್ದೆ ನನ್ನ ಗೇರ್‌ಬಾಕ್ಸಿಗೆ? ಹೇಳೋ ಕಳ್ಳ, ಯಾವ ಎಣ್ಣೆ?"

"ಸರಳು ಕೆಳಗಿಡು ಮೊದಲು. ಆಮೇಲೆ ಮಾತು," ಎಂದ ಭಾವ, ಭುಜ ಹಿಡಿದುಕೊಂಡು.

"ಸೇತುವೆ ಏರುವಾಗ ಗೇರ್ ಬಿಟ್ಟುಹೋಯ್ತು. ಗಾಡಿ ಹಿಂದಕ್ಕೆ ಉರುಳಿ ಗೋಡೆಗೆ ಬಡೀತು. ಹಿಂದೆ ಯಾವುದಾದ್ರೂ ಮಗು ಇದ್ದಿದ್ರೆ? ಕಂಪನಿಯವರು ಸಿರಿಂಜಲ್ಲಿ ಒಂದು ತೊಟ್ಟು ಎಳೆದು ನೋಡಿದ್ರು, ಅಷ್ಟೇ. ನಮ್ಮೆಣ್ಣೆ ಜೇನಿನ ಬಣ್ಣ, ಇದು ಕೆಂಪು, ಹೊರಗಿನ ಎಣ್ಣೆ, ವಾರಂಟಿ ಇಲ್ಲ ನಡಿ ಅಂದ್ರು. ಇವತ್ತು ಸಂಜೆ ಐದರೊಳಗೆ ತಕರಾರು ಬರೆದುಕೊಡದಿದ್ರೆ ಫೈಲೇ ಮುಚ್ತಾರಂತೆ. ಹೊಸ ಗೇರ್‌ಬಾಕ್ಸು ನಿಮ್ಮಪ್ಪ ತಂದುಕೊಡ್ತಾನಾ?"

ಆ ಎಣ್ಣೆ ಆರಿಸಿದ್ದು ಭಾವ ಅಲ್ಲ, ಅಳತೆಯ್ಯ.

ಮೂರು ವಾರದ ಹಿಂದೆ ಬ್ರೆಡ್ಡಣ್ಣ ಗೇರು ಜಗ್ಗುತ್ತಿದೆ ಎಂದು ಬಂದಿದ್ದ. ಕಂಪನಿ ವರ್ಕ್‌ಶಾಪಿನಲ್ಲಿ ಒಂಬತ್ತು ದಿನದ ಸರದಿ; ಅಷ್ಟು ದಿನ ಬ್ರೆಡ್ಡು ಕಾಯುವುದಿಲ್ಲ. ಎಣ್ಣೆ ಬದಲಾಯಿಸಿ ನೋಡೋಣ ಎಂದಾಯಿತು. ಭಾವ ಮಾತ್ರ ಕೈ ಒದರಿದ್ದ: "ವಾರಂಟಿ ಇರೋ ಗಾಡಿ. ಕಂಪನಿ ಡಬ್ಬ ತರಿಸು, ಇಲ್ಲಾಂದ್ರೆ ಮುಟ್ಟಬೇಡ." ಕಂಪನಿ ಡಬ್ಬ ಬರಲು ನಾಲ್ಕು ದಿನ. ಅಳತೆಯ್ಯ ಊಟ ಬಿಟ್ಟು ವ್ಯಾನಿನ ಕೈಪಿಡಿ ಓದಿದ. ಈ ಗುಣಮಟ್ಟದ ಎಣ್ಣೆ ಅಥವಾ ಅದಕ್ಕೆ ಸಮನಾದದ್ದು ಎಂದಿತ್ತು. ಅಂಗಡಿಯಲ್ಲಿ ಸಿಗುವ ಕೆಂಪೆಣ್ಣೆಯ ಡಬ್ಬದ ಹಿಂದಿದ್ದ ಇರುವೆಸಾಲಿನಂಥ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿ, ಎರಡು ಕಡೆಯ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದು, ಒಂದೊಂದೇ ಅಂಕಿಗೆ ಗೆರೆ ಹೊಡೆದು ತಾಳೆ ನೋಡಿದ. ಸರಿಹೋಯಿತು. ಆದರೂ ಡಬ್ಬ ಮಾಡಿದವರಿಗೆ ಫೋನ್ ಮಾಡಿ ಕೇಳಿದ. ಸರಿಯೇ ಎಂದರು. "ಭಾವ, ನನ್ನ ಜವಾಬ್ದಾರಿ," ಎಂದ. ಭಾವ "ನಿನ್ನ ತಲೆ," ಎಂದು ಒಪ್ಪಿದ್ದ.

ಅದೇ ಭಾವ ಈಗ ಅಳತೆಯ್ಯನ ಕಡೆಗೆ ಕಣ್ಣೂ ಹಾಯಿಸದೆ ಹೇಳಿದ: "ನನ್ನ ಗ್ಯಾರೇಜು. ನಾನೇ ಹಾಕಿಸ್ದೆ. ಏನೀಗ?"

ಬ್ರೆಡ್ಡಣ್ಣ ಸರಳನ್ನು ಮತ್ತೆ ಬೀಸಿದ. ಭಾವ ಬಗ್ಗಿದ, ಅದು ಗೋಡೆಯ ಗಾರೆ ಕಿತ್ತಿತು. ಭಾವ ಬಗ್ಗಿದ ಹಾಗೆಯೇ ನುಗ್ಗಿ ತಲೆಯಿಂದ ಬ್ರೆಡ್ಡಣ್ಣನ ಹೊಟ್ಟೆಗೆ ಗುದ್ದಿದ. ಇಬ್ಬರೂ ಒಡೆದ ಗಾಜಿನ ಮೇಲೆ ಉರುಳಿದರು. ಒಬ್ಬ ಕಿವಿ ಕಚ್ಚಿದ, ಇನ್ನೊಬ್ಬ ಕಣ್ಣಿಗೆ ಹೆಬ್ಬೆರಳು ಒತ್ತಿದ. ಸ್ಪ್ಯಾನರಿನ ತಟ್ಟೆ ಗಲಗಲ ಎಂದು ಚೆಲ್ಲಿತು. ಅಳತೆಯ್ಯ "ಬಿಡಿ, ಬಿಡ್ರಪ್ಪಾ," ಎನ್ನುತ್ತ ಸುತ್ತ ಸುತ್ತಿದ. ಒಬ್ಬನ ಕಾಲು ಹಿಡಿದು ಎಳೆದ, ಆ ಕಾಲೇ ಅವನ ಎದೆಗೆ ಒದೆಯಿತು.

ಯಾರನ್ನಾದರೂ ಕೂಗೋಣ ಎಂದು ಗೇಟಿಗೆ ಓಡಿದ. ವ್ಯಾನಿನ ಬಾನೆಟ್ಟು ಎತ್ತಿತ್ತು, ಬ್ರೆಡ್ಡಣ್ಣ ಬಂದವನೇ ತೆರೆದಿಟ್ಟಿದ್ದ. ಅದರ ಒಳಮೈಯಲ್ಲಿ ಅವನದೇ ಬಿಳಿ ಬಣ್ಣದ ಅಕ್ಷರ. ಈ ಗ್ಯಾರೇಜಿನಲ್ಲಿ ಎಣ್ಣೆ ಬದಲಿಸಿದ ಪ್ರತಿ ಗಾಡಿಗೂ ಹಾಗೆ ಬರೆಯುವುದು ರೂಢಿ.

ಇಳಿದದ್ದು: ಎರಡು ಲೀಟರ್ ಆರುನೂರು. ಹಾಕಿದ್ದು: ಎರಡು ಲೀಟರ್ ಆರುನೂರು.

ಎಷ್ಟು ಇಳಿಯಿತೋ ಅಷ್ಟೇ ಹಾಕು ಎನ್ನುವುದು ಭಾವ ಕಲಿಸಿದ ಕೆಲಸ. ಹನಿ ಹೆಚ್ಚಲ್ಲ, ಹನಿ ಕಡಿಮೆಯಲ್ಲ. ಅಂದು ಅಳತೆಯ್ಯ ಗಾಜಿನ ಜಾಡಿಯಲ್ಲಿ ಎರಡು ಸಲ ಅಳೆದಿದ್ದ. ಆದರೆ ಈ ವ್ಯಾನಿನಿಂದ ಇಳಿಯಬೇಕಾದದ್ದು ನಾಲ್ಕು ಲೀಟರ್ ನೂರು ಮಿಲಿ. ಅದೂ ಅದೇ ಕೈಪಿಡಿಯಲ್ಲಿತ್ತು, ಅವನು ಭೂತಗನ್ನಡಿ ಹಿಡಿದು ಸಂಖ್ಯೆ ನೋಡಿದ ಪುಟದ ಪಕ್ಕದ ಪುಟದಲ್ಲೇ. ಒಂದೂವರೆ ಲೀಟರ್ ಎಲ್ಲಿ ಹೋಯಿತು ಎಂದು ಅವನು ಕೇಳಿಕೊಳ್ಳಲೇ ಇಲ್ಲ. ತುಂಬಿಸಿದ ಮೇಲೆ ಎಂಜಿನ್ ಬಿಸಿ ಮಾಡಿ, ಮಟ್ಟದ ಬಿರಡೆ ತೆಗೆದು, ಎಣ್ಣೆ ಹನಿಯುತ್ತದೆಯೇ ಎಂದೂ ನೋಡಲಿಲ್ಲ; ಹನಿದರೆ ಮಾತ್ರ ತುಂಬಿದೆ ಎಂದರ್ಥ. ಅಂದು ಅವನ ಭಯವೆಲ್ಲ ಡಬ್ಬದ ಮೇಲಿತ್ತು. ಗೇರು ಜಗ್ಗುತ್ತಿದ್ದದ್ದೇ ಎಣ್ಣೆ ಕಡಿಮೆಯಾಗಿ. ಅವನು ಹಳೆಯ ಕೊರತೆಯನ್ನು ತೆಗೆದು, ಅಷ್ಟೇ ಹೊಸ ಕೊರತೆಯನ್ನು ಅಳೆದು ತುಂಬಿದ್ದ.

ಹಿಂದಿನಿಂದ ಒಂದು ಕಿರುಚು ಕೇಳಿತು. ಅಂಥದ್ದನ್ನು ಅವನು ಮನುಷ್ಯನ ಬಾಯಲ್ಲಿ ಕೇಳಿರಲಿಲ್ಲ.

ಭಾವ ಬ್ರೆಡ್ಡಣ್ಣನನ್ನು ಕೆಲಸದ ಮೇಜಿಗೆ ಒತ್ತಿ ಹಿಡಿದಿದ್ದ. ಬ್ರೆಡ್ಡಣ್ಣನ ಬಲಗೈಯ ನಾಲ್ಕು ಬೆರಳು ಮೇಜಿಗೆ ಬಿಗಿದ ಕಬ್ಬಿಣದ ಇಕ್ಕಳದ ದವಡೆಯಲ್ಲಿದ್ದವು. ಭಾವ ಮೊಣಕೈಯಿಂದ ಅವನ ಕುತ್ತಿಗೆ ಅದುಮಿ, ಇನ್ನೊಂದು ಕೈಯಿಂದ ಇಕ್ಕಳದ ಹಿಡಿ ತಿರುಗಿಸುತ್ತಿದ್ದ.

"ಎಣ್ಣೆ ಸರಿ ಇತ್ತು ಅನ್ನು! ಬೀದಿಗೆ ಕೇಳೋ ಹಾಗೆ ಅನ್ನು!"

"ಅನ್ನಲ್ಲ... ಅನ್ನಲ್ಲ ಕಣೋ..."

ಹಿಡಿ ಇನ್ನರ್ಧ ಸುತ್ತು ತಿರುಗಿತು. ಒಣಕಡ್ಡಿ ಮುರಿದ ಹಾಗೆ ಏನೋ ಚಟ್ಟೆಂದಿತು.

ಅಳತೆಯ್ಯ ಹಿಡಿಗೆ ಜೋತುಬಿದ್ದ. ಭಾವನ ಮೊಣಕೈ ಅವನ ಬಾಯಿಗೆ ಬಡಿಯಿತು. ಒಂದು ಹಲ್ಲು ಬುಡ ಬಿಟ್ಟು ನಾಲಿಗೆಯ ಮೇಲೆ ಬಂತು. ಅದನ್ನು ಉಗುಳಿ ಮತ್ತೆ ಜೋತುಬಿದ್ದ.

"ಎಣ್ಣೆ ಅಲ್ಲ ಭಾವ! ಎಣ್ಣೆ ಸರಿ ಇತ್ತು, ನಾನು ಸರಿ ಇರಲಿಲ್ಲ! ಅದು ಕಮ್ಮಿ ಇಳೀತು, ನಾನು ಕಮ್ಮಿ ಹಾಕ್ದೆ! ಒಂದೂವರೆ ಲೀಟರ್ ಕಮ್ಮಿ! ಬಾನೆಟ್ಟಲ್ಲಿ ನಾನೇ ಬರೆದಿದ್ದೀನಿ, ಬೇಕಾದ್ರೆ ನೋಡು!"

ಭಾವನ ಕೈ ನಿಂತಿತು. ಅಳತೆಯ್ಯ ಹಿಡಿಯನ್ನು ಹಿಂದಕ್ಕೆ ತಿರುಗಿಸಿದ. ಬ್ರೆಡ್ಡಣ್ಣ ಬೆರಳುಗಳನ್ನು ಕಂಕುಳಲ್ಲಿ ಅವುಚಿಕೊಂಡು ನೆಲಕ್ಕೆ ಕುಸಿದ.

"ನೀನಾ?" ಎಂದ ಬ್ರೆಡ್ಡಣ್ಣ.

"ನಾನೇ. ಡಬ್ಬ ಆರಿಸಿದ್ದೂ ನಾನೇ. ಭಾವ ಬೇಡ ಅಂದಿದ್ದ."

ಬ್ರೆಡ್ಡಣ್ಣ ಎದ್ದು ಎಡಗೈ ಮುಷ್ಟಿಯಿಂದ ಅವನ ಮುಖಕ್ಕೆ ಒಂದು ಕೊಟ್ಟ. ಅಳತೆಯ್ಯ ತಡೆಯಲಿಲ್ಲ. ಇನ್ನೊಂದು ಕೊಟ್ಟ. ಮೂರನೆಯದಕ್ಕೆ ಕೈ ಎತ್ತಿದವನು ತಾನೇ ಸುಸ್ತಾಗಿ ಇಳಿಸಿದ.

"ಎಣ್ಣೆ ಎಲ್ಲಿಂದಲೋ ಸೋರ್ತಿದೆ," ಎಂದ ಅಳತೆಯ್ಯ, ರಕ್ತ ನುಂಗುತ್ತ. "ನಾನು ಮುಟ್ಟೋಕೆ ಮುಂಚಿನಿಂದ ಸೋರ್ತಿದೆ. ಎತ್ತಿ ನೋಡೋಣ."

ಈಗಷ್ಟೇ ಒಬ್ಬರನ್ನೊಬ್ಬರು ಕೊಲ್ಲಹೊರಟಿದ್ದ ಇಬ್ಬರೂ ಅಳತೆಯ್ಯನೂ ಭುಜ ಕೊಟ್ಟು ವ್ಯಾನು ತಳ್ಳಿದರು. "ಸ್ಟಿಯರಿಂಗ್ ಎಡಕ್ಕೆ ತಿರುಗಿಸೋ ಶನಿ," ಎಂದ ಭಾವ. "ಯಾವ ಕೈಲಿ ತಿರುಗಿಸ್ಲಿ? ನೀನೇ ಹೇಳು, ಯಾವ ಕೈಲಿ?" ಎಂದ ಬ್ರೆಡ್ಡಣ್ಣ. ಭಾವನೇ ಕಿಟಕಿಯೊಳಗೆ ಕೈ ಹಾಕಿ ತಿರುಗಿಸಿದ.

ಲಿಫ್ಟಿನ ಮೇಲೆ ಗಾಡಿ ಎತ್ತಿ, ಎಂಜಿನ್ ಓಡಿಸಿ, ಅಳತೆಯ್ಯ ಮಟ್ಟದ ಬಿರಡೆ ತೆಗೆದ. ಒಂದು ಹನಿಯೂ ಬರಲಿಲ್ಲ. ಟಾರ್ಚು ಹಿಡಿದು ಎಣ್ಣೆ ತಣಿಸುವ ಕೊಳವೆಯ ಗುಂಟ ಹೋದ. ಕಂಪನಿಯಲ್ಲೇ ಒತ್ತಿ ಕೂಡಿಸಿದ ಕೀಲಿನ ಬಳಿ ಬೆರಳುದಪ್ಪ ಕೆಸರು ಗಟ್ಟಿಯಾಗಿತ್ತು. ಚಾಕುವಿನಿಂದ ಸೀಳಿದ. ಮೇಲಿನ ತೆಳುಪದರ ಕೆಂಪು. ಅದರ ಕೆಳಗೆ, ಲೋಹದವರೆಗೂ, ಜೇನಿನ ಬಣ್ಣ.

"ಕಂಪನಿ ಎಣ್ಣೆ," ಎಂದ. "ಅವರ ಎಣ್ಣೆ ಇದ್ದಾಗಲೇ, ಅವರ ಕೀಲಿನಿಂದಲೇ ಸೋರಿದೆ. ಇದು ವಾರಂಟಿಗೆ ಬರುತ್ತೆ. ನಾನು ಬಂದು ಹೇಳ್ತೀನಿ."

ಫೋಟೋ ತೆಗೆದು, ಕೆಸರಿನ ತುಂಡನ್ನು ಕಾಗದದಲ್ಲಿ ಸುತ್ತುತ್ತಿದ್ದಾಗ ಭಾವ ಅವನ ಕೊರಳಪಟ್ಟಿ ಹಿಡಿದು ಕಂಬಕ್ಕೆ ಒತ್ತಿದ.

"ಅಲ್ಲಿ ಏನಂತ ಹೇಳ್ತೀಯ? ಒಂದೂವರೆ ಲೀಟರ್ ಕಮ್ಮಿ ಇಳಿದದ್ದು ನೋಡಿದೆ, ಅಷ್ಟೇ ಹಾಕಿ ಮುಚ್ಚಿದೆ ಅಂತಲಾ? ನಾಳೆಯಿಂದ ಸೈಕಲ್ಲಿಗೆ ಗಾಳಿ ಹಾಕ್ಸೋಕೂ ಯಾರೂ ಬರಲ್ಲ. ನಿನಗೋಸ್ಕರ ಏಟು ತಿಂದೆ ನಾನು. ಬಾಯಿ ಬಿಟ್ಟೆ ಅಂದ್ರೆ ಈ ಗೇಟೊಳಗೆ ಕಾಲಿಡಬೇಡ. ತಂಗಿಗೆ ನಾನೇ ಹೇಳ್ತೀನಿ."

"ನಾನು ಹೇಳದಿದ್ರೆ ಅದು ಎಣ್ಣೆ ತಪ್ಪು ಅಂತಲೇ ಉಳಿಯುತ್ತೆ ಭಾವ."

"ಉಳೀಲಿ!"

"ಅವನ ಗಾಡಿ ಹೋಗುತ್ತೆ."

ಭಾವ ಅವನ ತಲೆಯನ್ನು ಕಂಬಕ್ಕೆ ಒಮ್ಮೆ ಬಡಿದ. ಆಮೇಲೆ ಕೈಬಿಟ್ಟ. ತನ್ನ ಕೈಗಳನ್ನು ನೋಡಿಕೊಂಡ, ಇಕ್ಕಳವನ್ನು ನೋಡಿದ, ಬೆನ್ನು ತಿರುಗಿಸಿ ಗಾಜು ಗುಡಿಸತೊಡಗಿದ. ಅಳತೆಯ್ಯ ಹೋಗುತ್ತೇನೆ ಎಂದ. ಕಾಗದದ ಪೊಟ್ಟಣ ಎತ್ತಿಕೊಂಡು ಬ್ರೆಡ್ಡಣ್ಣನ ಜೊತೆ ಹೊರಟ.

ಕಂಪನಿಯ ಕೌಂಟರಿಗೆ ಅವರು ತಲುಪಿದಾಗ ನಾಲ್ಕೂ ಮುಕ್ಕಾಲು. ಬಿಳಿ ನೆಲಹಾಸು, ತಣ್ಣನೆಯ ಗಾಳಿ, ಗೋಡೆಯ ಮೇಲೆ ನಗುವ ಕುಟುಂಬದ ಚಿತ್ರ. ವಾರಂಟಿ ನೋಡುವ ಹೆಂಗಸು ಇಬ್ಬರ ಮುಖ ಕಂಡು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಆಕ್ಸಿಡೆಂಟಾ?"

"ಹೂಂ, ಗ್ಯಾರೇಜಲ್ಲಿ," ಎಂದ ಬ್ರೆಡ್ಡಣ್ಣ.

ಅಳತೆಯ್ಯ ಎಲ್ಲವನ್ನೂ ಹೇಳಿದ. ಹಲ್ಲು ಹೋದ ಜಾಗದಿಂದ ಮಾತು ಸೀಟಿಯಾಗಿ ಬರುತ್ತಿತ್ತು. ಫೋಟೋ ತೋರಿಸಿದ. ಕಾಗದ ಬಿಚ್ಚಿ ಕೆಸರಿನ ಎರಡು ಬಣ್ಣ ತೋರಿಸಿದ. ಅವಳು ಒಳಗಿಂದ ಒಬ್ಬ ಹಿರಿಯ ಮೆಕ್ಯಾನಿಕ್‌ನನ್ನು ಕರೆಸಿದಳು. ಅವನು ತುಂಡನ್ನು ಮೂಸಿ, ಉಗುರಿನಿಂದ ಕೆರೆದು, ತುಟಿ ಬಿಗಿಹಿಡಿದು ತಲೆಯಾಡಿಸಿದ.

"ಈ ಕೀಲು ಸೋರಿ ಇನ್ನೂ ಎರಡು ಗಾಡಿ ಬಂದಿವೆ," ಎಂದ ಮೆಲ್ಲಗೆ. ಆಮೇಲೆ ಅಳತೆಯ್ಯನ ಕಡೆ ತಿರುಗಿದ. "ನೀನು ಮೆಕ್ಯಾನಿಕ್ ಅಲ್ವಾ? ಕಮ್ಮಿ ಇಳಿದದ್ದು ನೋಡ್ಲಿಲ್ವಾ?"

"ನೋಡಿದೆ. ಎರಡು ಸಲ ಅಳೆದೆ. ಯೋಚನೆ ಮಾಡ್ಲಿಲ್ಲ."

ಹೆಂಗಸು ಅದನ್ನೂ ಹಾಗೇ ಬರೆದುಕೊಂಡು, ಗ್ಯಾರೇಜಿನ ವಿಳಾಸ ಕೇಳಿದಳು. ಅವನು ಬೀದಿ, ಬಾಗಿಲ ಸಂಖ್ಯೆ ಎಲ್ಲ ಹೇಳಿ ರುಜು ಹಾಕಿದ. ಅವಳು ಆ ತಕರಾರಿನ ಹಾಳೆಯನ್ನು ಬ್ರೆಡ್ಡಣ್ಣನ ಮುಂದೆ ತಳ್ಳಿದಳು. ಅವನು ಎಡಗೈಯಲ್ಲಿ ಪೆನ್ನು ಹಿಡಿದು ಏನೋ ಗೀಚಿದ. ಅವಳು ವ್ಯಾನು ಕೊಂಡ ದಿನದ ಕಾಗದ ತೆಗೆದು ಪಕ್ಕಕ್ಕಿಟ್ಟು ನೋಡಿದಳು.

"ರುಜು ಹೊಂದಲ್ಲ. ಇದನ್ನ ಮೇಲಿನವರು ತಗೊಳ್ಳಲ್ಲ. ಕೈ ಸರಿಯಾದ ಮೇಲೆ ಬನ್ನಿ."

"ಅಷ್ಟರಲ್ಲಿ ಫೈಲ್ ಮುಚ್ತೀರಲ್ಲ?"

ಅವಳು ಗಡಿಯಾರ ನೋಡಿದಳು. ಐದಕ್ಕೆ ಇನ್ನು ಆರು ನಿಮಿಷ.

ಬ್ರೆಡ್ಡಣ್ಣ ಕಂಕುಳಿಂದ ಬಲಗೈ ತೆಗೆದ. ಬೆರಳುಗಳು ಊದಿ ನೇರಳೆಯಾಗಿದ್ದವು. ನಡುಬೆರಳು ಅಡ್ಡಕ್ಕೆ ತಿರುಗಿತ್ತು. ಪೆನ್ನನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತೂರಿಸಿದ. ಅದು ಜಾರಿ ಬಿತ್ತು. ಮತ್ತೆ ತೂರಿಸಿದ.

"ಒತ್ತಿ ಹಿಡಿ," ಎಂದ ಅಳತೆಯ್ಯನಿಗೆ.

"ನೋಯುತ್ತೆ."

"ಗೊತ್ತು. ಹಿಡಿ."

ಅಳತೆಯ್ಯ ಆ ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ತೆಗೆದುಕೊಂಡು ಪೆನ್ನಿನ ಸುತ್ತ ಬಿಗಿದ. ಒಳಗೆ ಮೂಳೆ ಸರಿದದ್ದು ಅವನ ಅಂಗೈಗೆ ತಿಳಿಯಿತು. ಬ್ರೆಡ್ಡಣ್ಣ ಹಲ್ಲು ಕಚ್ಚಿ, ಮೂಗಿನಿಂದ ಗೂಳಿಯಂತೆ ಉಸಿರು ಬಿಡುತ್ತ, ಒಂದೊಂದೇ ಅಕ್ಷರ ಎಳೆದ. ಕೊನೆಯ ಸುಳಿ ಸುತ್ತುವಾಗ ಅವನ ಹಣೆ ಕೌಂಟರಿಗೆ ತಾಗಿತು.

ಹೆಂಗಸು ಎರಡು ಕಾಗದಗಳನ್ನೂ ಬೆಳಕಿಗೆ ಹಿಡಿದು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಮುದ್ರೆ ಒತ್ತಿದಳು.