ಪ್ರಿನ್ಸಿಪಾಲರ ಕೆಮ್ಮು

ಕಾಲೇಜಿನಲ್ಲಿ ಆ ವರ್ಷ ಎಲ್ಲದಕ್ಕೂ ಕಡಿತ. ಮೊದಲು ಲಿಫ್ಟ್ ನಿಂತಿತು, ಆಮೇಲೆ ಸ್ಟಾಫ್ ರೂಮಿನ ಚಹಾ, ಆಮೇಲೆ ಕಾರಿಡಾರಿನಲ್ಲಿ ಒಂದು ಬಿಟ್ಟು ಒಂದು ಟ್ಯೂಬ್‌ಲೈಟ್. ಊರಿನ ಕಾರ್ಖಾನೆಗಳು ಬಾಗಿಲು ಹಾಕಿದ್ದವು. ಅಪ್ಪಂದಿರಿಗೆ ಕೆಲಸವಿಲ್ಲದೆ ಮಕ್ಕಳು ಅರ್ಧಕ್ಕೇ ಕಾಲೇಜು ಬಿಡುತ್ತಿದ್ದರು, ಫೀಸು ಬರುತ್ತಿರಲಿಲ್ಲ. ಆರ್ಥಿಕ ಮುಗ್ಗಟ್ಟು ಲೈಬ್ರರಿಗೂ ಇಳಿದು ಪುಸ್ತಕಗಳಿಗೆ ಮುಗ್ಗಲು ವಾಸನೆ ಹತ್ತಿತು. ಆಡಳಿತ ಮಂಡಳಿಯ ಮಂಜೂರಾತಿ ಬೇಕಿಲ್ಲದ ಕಡಿತ ಅಂದರೆ ಸೊಳ್ಳೆಗಳದು ಮಾತ್ರ.

ಭೂವಿಜ್ಞಾನ ವಿಭಾಗ ಇದ್ದದ್ದು ನೆಲಮಾಳಿಗೆಯಲ್ಲಿ. ಹೆಸರಿಗೆ ತಕ್ಕ ಜಾಗ. ಅಲ್ಲಿ ಒಬ್ಬರೇ ಮೇಡಂ, ಬೆರಳೆಣಿಕೆಯಷ್ಟು ಹುಡುಗಿಯರು, ಗಾಜಿನ ಕಪಾಟುಗಳ ತುಂಬ ಕಲ್ಲು. ಇಡೀ ಕಾಲೇಜು ಅವರನ್ನು ಕಲ್ಲು ಮೇಡಂ ಅನ್ನುತ್ತಿತ್ತು. ಇದೇ ಸಂಬಳದಲ್ಲಿ ತಮ್ಮನನ್ನು ಓದಿಸಿದ್ದರು. ಅವನೀಗ ಮೇಲಿನ ಆಫೀಸಿನಲ್ಲಿ ಗುಮಾಸ್ತ. ಅವನಿಗೆ ಎಲ್ಲರೂ ಇಟ್ಟ ಹೆಸರು ಗಿಳಿ. ಯಾರ ದನಿಯಾದರೂ ಸರಿ, ಒಮ್ಮೆ ಕೇಳಿದರೆ ಅವನ ಗಂಟಲಿಗೆ ಇಳಿಯುತ್ತಿತ್ತು. ಅದರಲ್ಲೂ ಪ್ರಿನ್ಸಿಪಾಲರದು: ಮೊದಲು ಎರಡು ಕೆಮ್ಮು, ಆಮೇಲೆ "ಏನಪ್ಪಾ ಅಂದ್ರೆ".

ವಿದ್ಯಾರ್ಥಿಗಳು ಕಡಿಮೆ ಇರುವ ವಿಭಾಗಗಳನ್ನು ಮುಚ್ಚುತ್ತಾರಂತೆ ಎಂಬ ಸುದ್ದಿ ಹಬ್ಬಿದ ಮೇಲೆ ಮೇಡಂಗೆ ಊಟ ಸೇರಲಿಲ್ಲ. ಗಿಳಿ ಸುಮ್ಮನಿರುತ್ತಾನೆಯೇ? ದಿನಾ ಊಟದ ಹೊತ್ತಿಗೆ ಇಂಟರ್‌ಕಾಮ್‌ನಲ್ಲಿ ಫೋನ್ ಮಾಡುತ್ತಿದ್ದ. ಎರಡು ಕೆಮ್ಮು. "ಏನಪ್ಪಾ ಅಂದ್ರೆ ಮೇಡಂ, ನಿಮ್ಮ ಕಲ್ಲುಗಳಿಗೆ ಬಡ್ತಿ ಕೊಟ್ಟಿದ್ದೀವಿ. ಇನ್ಮೇಲೆ ಅವು ಬಂಡೆ." ಅಕ್ಕ ನಗುತ್ತಿದ್ದರು. ನಕ್ಕರೆ ನಾಲ್ಕು ತುತ್ತು ಇಳಿಯುತ್ತಿತ್ತು.

ಮಂಡಳಿಯ ಸಭೆ ಮುಗಿದ ಮರುದಿನವೂ ಅದೇ ಹೊತ್ತಿಗೆ ಇಂಟರ್‌ಕಾಮ್ ಹೊಡೆದುಕೊಂಡಿತು. ಹುಡುಗಿಯರ ಮುಂದೆ ಸುಣ್ಣಕಲ್ಲು ಹಿಡಿದು ನಿಂತಿದ್ದ ಮೇಡಂ ಇನ್ನೊಂದು ಕೈಯಲ್ಲಿ ರಿಸೀವರ್ ಎತ್ತಿದರು. ಎರಡು ಕೆಮ್ಮು.

"ಏನಪ್ಪಾ ಅಂದ್ರೆ ಮೇಡಂ, ಇದು ಕಾಗದದಲ್ಲಿ ಹೇಳೋ ಮಾತಲ್ಲ ಅಂತ ನಾನೇ ಫೋನ್ ಮಾಡ್ದೆ..."

"ಹೇಳಿ ಸಾರ್, ಹೇಳಿ." ಮೇಡಂ ಹುಡುಗಿಯರಿಗೆ ಕಣ್ಣು ಹೊಡೆದರು. "ಇವತ್ತು ಯಾವ ಕಲ್ಲಿಗೆ ಬಡ್ತಿ?"

ಆ ಕಡೆಯ ದನಿ ತಗ್ಗಿತು. "ನಿಮ್ಮ ವಿಭಾಗ ಮುಚ್ತಾ ಇದೀವಿ. ಈ ತಿಂಗಳ ಕೊನೆಗೆ."

"ಮೊದಲು ನಿನ್ನ ಬಾಯಿ ಮುಚ್ಚೋ, ಕತ್ತೆ! ಅದೇನು ಎರಡೆರಡು ಕೆಮ್ಮು? ಖರ್ಚು ಕಡಿಮೆ ಮಾಡು, ಒಂದು ಸಾಕು!"

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಗಿಳಿ ಒಳಗೆ ಬಂದ. ಕೈಯಲ್ಲಿ ಊಟದ ಡಬ್ಬಿ, ಕಣ್ಣು ಕೆಂಪು. ಸುದ್ದಿ ತಿಳಿದು, ಫೋನಿನಲ್ಲಿ ಹೇಳಲು ಬಾಯಿ ಬಾರದೆ, ಮೆಟ್ಟಿಲಿಳಿದು ಬಂದಿದ್ದ.

ಮೇಡಂ ಅವನನ್ನು ನೋಡಿದರು. ರಿಸೀವರ್ ನೋಡಿದರು. ಮುಖದ ಮೇಲಿನ ನಗುವಿಗೆ ಹೋಗಲು ದಾರಿ ತಿಳಿಯಲಿಲ್ಲ. ಎಲ್ಲರೂ ಎದ್ದುಹೋದ ಮನೆಯಲ್ಲಿ ಉಳಿದ ನೆಂಟನ ಹಾಗೆ ಅಲ್ಲೇ ಕೂತಿತ್ತು.

"ಸಾರ್..."

"ಇರಲಿ ಕಣಮ್ಮಾ. ಬೆಳಗ್ಗೆಯಿಂದ ಒಬ್ಬೊಬ್ಬರಿಗೇ ಫೋನ್ ಮಾಡ್ತಿದೀನಿ. ನಗು ಕೇಳಿದ್ದು ನಿಮ್ಮ ಕಡೆ ಮಾತ್ರ."

"ಈ ಹುಡುಗೀರು ಓದು ಮುಗಿಸೋವರೆಗಾದ್ರೂ ಬಿಡಿ ಸಾರ್. ಸಂಬಳ ಬೇಡ."

"ಅವರನ್ನ ಬೇರೆ ಕಾಲೇಜಿಗೆ ಸೇರಿಸ್ತೀವಿ. ಆ ರೂಮನ್ನ ಮಂಡಳಿಯವರು ಗೋದಾಮಿಗೆ ಅಂತ ಬಾಡಿಗೆಗೆ ಕೊಟ್ಟಾಯ್ತು." ಪ್ರಿನ್ಸಿಪಾಲರು ಕೆಮ್ಮಿದರು. ಒಂದೇ ಸಲ.

ಸಂಜೆ ಅಕ್ಕ ತಮ್ಮ ಸೇರಿ ಕಲ್ಲುಗಳನ್ನು ಹಳೇ ಪ್ರಶ್ನೆಪತ್ರಿಕೆಗಳಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸಿದರು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

"ಒಂದು ತುತ್ತು ತಿನ್ನಕ್ಕಾ."

"ನೀನು ಮಾತಾಡು, ತಿಂತೀನಿ."

"ಏನು ಮಾತಾಡ್ಲಿ?"

"ಅವರ ಹಾಗೆ. ಮಧ್ಯಾಹ್ನ ಹೇಳಿದ್ದೆಲ್ಲ ತಮಾಷೆಗೆ ಅಂತ ಹೇಳೋ."

ಗಿಳಿ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ. ಎರಡು ಕೆಮ್ಮು, ಥೇಟ್ ಪ್ರಿನ್ಸಿಪಾಲರದೇ. ಅಕ್ಕ ಡಬ್ಬಿ ತೆರೆದು, ತುತ್ತು ಕೈಯಲ್ಲಿ ಹಿಡಿದು ಕಾದರು.

"ಏನಪ್ಪಾ ಅಂದ್ರೆ..." ಅಂದ. ಅದು ಅವನದೇ ದನಿ. ಚಿಕ್ಕಂದಿನಲ್ಲಿ ಮಂಡಿ ಒಡೆದುಕೊಂಡು ಬಂದು ಅಕ್ಕನನ್ನು ಕೂಗುತ್ತಿದ್ದ ದನಿ.

ಅಕ್ಕ ಆ ತುತ್ತನ್ನು ಅವನ ಬಾಯಿಗಿಟ್ಟರು.