ಬಾಲವಿಲ್ಲದ ಕಿರಣ

ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವವಳಲ್ಲ ನಾನು. ಆ ಪ್ಲಾಸ್ಟಿಕ್ ಬಿಲ್ಲೆ ಸೂಕ್ಷ್ಮದರ್ಶಕದಡಿ ಅಷ್ಟು ಶುಭ್ರವಾಗಿ ಕಂಡಾಗ ಖುಷಿಯಾಗಲಿಲ್ಲ, ಸಿಟ್ಟು ಬಂತು.

ನಮ್ಮದು ಕಾರ್ಬನ್ ಕಣಗಳ ಕಿರಣದಿಂದ ಕ್ಯಾನ್ಸರ್ ಗಡ್ಡೆ ಸುಡುವ ಪ್ರಯೋಗ. ಕಿರಣ ಗಡ್ಡೆಯಲ್ಲೇ ನಿಲ್ಲಬೇಕು. ಆದರೆ ದಾರಿಯಲ್ಲಿ ಕೆಲವು ಕಣ ಒಡೆದು ಚೂರುಗಳು ಆಚೆಗೂ ಹೋಗುತ್ತವೆ. ಅದಕ್ಕೆ ಬಾಲ ಎನ್ನುತ್ತೇವೆ. ರೋಗಿಯ ಬದಲಿಗೆ ಮಲಗಿಸುವ ಬೊಂಬೆಯ ತಲೆಯೊಳಗೆ, ಗಡ್ಡೆಯ ಜಾಗದ ಹಿಂದೆ ಬಿಲ್ಲೆ ಇಟ್ಟು ಕಿರಣ ಹಾಯಿಸಿ, ಆಮೇಲೆ ಬಿಸಿ ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಚೂರು ಹಾದಲ್ಲೆಲ್ಲ ಪುಟ್ಟ ಕುಳಿ ಬೀಳುತ್ತದೆ. ಬಾಲ ಅಳತೆ ಮೀರದಿದ್ದರೆ ಚಿಕಿತ್ಸೆಯ ಮೊದಲ ಸರದಿ ನನ್ನ ಅಕ್ಕನದು. ಅವಳ ಗಡ್ಡೆಯ ಹಿಂದೆಯೇ ಕಣ್ಣಿನ ನರ. ಇನ್ನೊಂದು ಕಣ್ಣು ಆಗಲೇ ಹೋಗಿದೆ.

"ಬಾಲಾನೇ ಇಲ್ಲ ನೋಡಿ!" ಕಿರಣ ನಡೆಸುವ ಇಂಜಿನಿಯರ್ ಹಲ್ಲು ಕಿರಿದ.

"ಬಾಲ ಇಲ್ದಿರೋ ಕೋತೀನ ಎಲ್ಲಾದ್ರೂ ನೋಡಿದೀರಾ?"

ಅವನೇ ಬಿಲ್ಲೆ ಬದಲಾಯಿಸಿದ್ದಾನೆಂದು ನನ್ನ ಗುಮಾನಿ. ಆದರೆ ಅಂಚಿನಲ್ಲಿ ನಾನೇ ಗೀಚಿದ ಗುರುತಿತ್ತು. ದಪ್ಪ ಅಳೆದೆ. ಸೋಡಾ ತಿಂದ ಬಿಲ್ಲೆ ತೆಳ್ಳಗಾಗಬೇಕು. ಇದು ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ಬೇಗ ಹೊರತೆಗೆದರೆ ಹಗುರ ಚೂರುಗಳ ಕುಳಿ ತೆರೆದುಕೊಳ್ಳುವುದೇ ಇಲ್ಲ.

ಇಂಜಿನಿಯರ್ ಸೋಡಾ ಕೋಣೆಗೆ ಕಾಲಿಡುವವನಲ್ಲ. ಅಲ್ಲಿ ಕೆಲಸ ಮಾಡುವವರು ನನ್ನ ಭಾವ, ಅಕ್ಕನ ಗಂಡ.

ಭಾವ ರಬ್ಬರ್ ಕೈಗವಸು ತೊಳೆಯುತ್ತಿದ್ದರು. "ಭಾವ, ಮೊನ್ನೆ ಬಿಸಿ ಸರಿಯಾಗಿತ್ತಾ?"

"ನಾನೇನೂ ಬೇಗ ತೆಗೀಲಿಲ್ಲಪ್ಪ."

ಬೇಗ ತೆಗೆದಿರೆಂದು ನಾನು ಹೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು. ನಾನು ಬಿಲ್ಲೆಯನ್ನು ಅವರ ಮುಂದೆ ಹಿಡಿದೆ.

"ಬಾಲ ಜಾಸ್ತಿ ಅಂತ ಅವಳ ಚಿಕಿತ್ಸೇನ ಎರಡು ಸಲ ಮುಂದಕ್ಕೆ ಹಾಕಿದ್ರು," ಎಂದು ಅತ್ತುಬಿಟ್ಟರು. "ಇನ್ನೊಂದ್ಸಲ ಹಾಕಿದ್ರೆ ಅವಳು ಉಳಿಯಲ್ಲ. ಕಣ್ಣು ಹೋದ್ರೆ ಹೋಗ್ಲಿ, ಕೈ ಹಿಡಿದು ನಾನು ನಡೆಸ್ತೀನಿ."

"ಅಕ್ಕನ್ನ ಕೇಳಿದ್ರಾ?"

ಭಾವ ಮತ್ತೆ ಕೈಗವಸು ತೊಳೆಯತೊಡಗಿದರು. ನಾನೇ ಬಿಲ್ಲೆಯನ್ನು ಮತ್ತೆ ಸೋಡಾದಲ್ಲಿ ಅದ್ದಿದೆ. ಹೊರತೆಗೆದು ನೋಡಿದರೆ ಮೈತುಂಬ ಕುಳಿ, ಬಾಲ ಅಳತೆ ಮೀರಿತ್ತು. ಅವರ ಮೇಲೆ ಅಸಹ್ಯವಾಯಿತು, ಅಷ್ಟೇ ಕನಿಕರವೂ ಆಯಿತು.

"ನೀವೇ ಹೇಳಿ ಅವಳಿಗೆ," ಎಂದೆ.

ಭಾವ ಫೋನ್ ಮಾಡಿ, ಸ್ಪೀಕರ್ ಹಾಕಿ, ಎಲ್ಲ ಹೇಳಿದರು. ಅಕ್ಕ ಪೂರ್ತಿ ಕೇಳಿಸಿಕೊಂಡಳು. "ಇಷ್ಟೇನಾ, ಇನ್ನೂ ಏನಾದ್ರೂ ಮುಚ್ಚಿಟ್ಟಿದೀರಾ? ಬೇಡ, ನಿಮ್ಮ ಮಾತು ಬೇಡ. ತಂಗಿಗೆ ಕೊಡಿ."

ಫೋನ್ ನನ್ನ ಕೈಗೆ ಬಂತು.

"ನೀನಾದ್ರೂ ನಿಜ ಹೇಳೇ. ಇನ್ನೂ ಸ್ವಲ್ಪ ದಿನ ಕಾಯೋಕಾಗುತ್ತಾ ನಂಗೆ?"

ಕಾಯಲಾಗದೆಂದು ಡಾಕ್ಟರು ಭಾವನಿಗೆ ಹೇಳುವಾಗ ನಾನೂ ಪಕ್ಕದಲ್ಲೇ ಇದ್ದೆ.

"ಆಗುತ್ತೆ ಅಕ್ಕಾ," ಎಂದೆ.