ಎಡೆಗೆ ಕೆರೆ ಮೀನು

"ಒಟ್ಟೆ ಸೀಳಿ ತೋರ್ಸಪ್ಪ, ಆಮೇಲೆ ತಗಂತೀನಿ," ಎಂದಳು ವೆಂಕಟರತ್ನಮ್ಮ.

ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ ಕೋದಂಡಪ್ಪನ ಮುಂದೆ ಎರಡು ರಾಶಿ ರೋಹು ಮೀನು. ಒಂದು ಕೆರೆಯದು, ಇನ್ನೊಂದು ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದಲ್ಲಿ ಸಾಕಿದ್ದು ಎಂದಿದ್ದ. ಅವನ ಮಾತು ಕೇಳಿ ಕಿವಿಗೆ ಹೂ ಇಡಿಸಿಕೊಳ್ಳುವವಳಲ್ಲ ಅವಳು. ಕಿವಿರು ಎತ್ತಿ ನೋಡಿದಳು, ಮೂಸಿದಳು, ಮತ್ತೆ ಮೂಸಿದಳು.

ಸಂಜೆ ಗಂಡ ಮುನಿಸ್ವಾಮಪ್ಪನ ತಿಥಿ. ಹೋದ ವರ್ಷ ಮಂಡಿ ನೋವೆಂದು ಸೊಸೆ ಸುಕನ್ಯಳನ್ನು ಮೀನಿಗೆ ಕಳಿಸಿದ್ದಳು. ಗೋಡೆಯ ಮೇಲಿಟ್ಟ ಎಡೆಯ ಹತ್ತಿರ ಬಂದ ಕಾಗೆ, ಮುಟ್ಟದೆ ಹಾರಿಹೋಗಿತ್ತು. ಕೈಗೆ ಸಿಕ್ಕಿದ ಹೊಂಡದ ಮೀನು ತಂದಿದ್ದಾಳೆ, ಅದಕ್ಕೇ ಗಂಡ ಮುನಿದಿದ್ದಾನೆ ಎಂದು ವರ್ಷವಿಡೀ ಸೊಸೆಯ ಜೀವ ಹಿಂಡಿದ್ದಳು. ಸುಕನ್ಯ ಒಂದು ದಿನವೂ ಎದುರು ಮಾತಾಡಿರಲಿಲ್ಲ. ಅದೂ ಅತ್ತೆಗೆ ಅನುಮಾನವೇ.

ಕೋದಂಡಪ್ಪ ಹೊಟ್ಟೆ ಸೀಳಿದ. ಒಳಗೆ ಕಪ್ಪು ಕೆಸರು, ಪಾಚಿ; ಕೆರೆಯದೇ.

"ಓದ್ ವರ್ಸಾನೂ ನಂದಿದುರ್ಗ ಗಣಿ ಲೈನಿಂದ ಒಬ್ಳು ಬಂದು ಇಂಗೇ ಪ್ರಾಣ ತಿಂದ್ಳಮ್ಮ. ಮಾವನ ಎಡೆಗಂತೆ. ಅತ್ತೆ ಒಪ್ಪಲ್ಲ ಅಂತ ಮೂರು ಮೀನು ಸೀಳಿಸಿ, ಕೆಸರು ಕಂಡ ಮೇಲೇ ತಗಂಡೋಗಿದ್ದು."

"ಎಂಗಿದ್ಳು?"

"ಗದ್ದದ ಮೇಲೆ ಮಚ್ಚೆ ಇತ್ತು."

ವೆಂಕಟರತ್ನಮ್ಮನದೂ ಅದೇ ಲೈನು, ಮಚ್ಚೆಯೂ ಸೊಸೆಯದೇ. ಅದು ಸುಕನ್ಯಳೇ. ಹಾಗಾದರೆ ಹೋದ ವರ್ಷ ಎಡೆಗಿಟ್ಟಿದ್ದು ಕೆರೆಯದೇ. ಕಾಗೆ ಮುಖ ತಿರುಗಿಸಿದ್ದು ಮೀನಿಗಲ್ಲ.

ಗಣಿಯ ದೂಳು ಎದೆಯಲ್ಲಿ ಕೂತು ಹಾಸಿಗೆ ಹಿಡಿದಿದ್ದ ಗಂಡ ಕೊನೆಗೆ ಕೇಳಿದ್ದು ಒಂದೇ, ಕೆರೆ ಮೀನಿನ ಸಾರು. ಅಷ್ಟು ದೂರ ಯಾರು ಹೋಗುತ್ತಾರೆಂದು, ಬಾಗಿಲಿಗೆ ಬಂದವನಿಂದ ಹೊಂಡದ್ದು ಕೊಂಡು, ಕೆರೆಯದೇ ಎಂದು ಬಡಿಸಿದ್ದಳು. ಅವನು ಒಂದು ತುತ್ತು ತಿಂದು ಅವಳ ಮುಖ ನೋಡಿದ. ತಟ್ಟೆ ಸರಿಸಿದ. ಮೂರನೆಯ ದಿನ ಹೋಗಿಬಿಟ್ಟ. ಈ ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಕಟ್ಲಾ ಅಮ್ಮ?"

"ಕಟ್ಟಪ್ಪ," ಎಂದಳು. ಇನ್ನೊಂದು ಮೀನು ಸೀಳಿಸಲಿಲ್ಲ.

ಸಂಜೆ ಲೈನ್ ಮನೆಯ ಗೋಡೆಯ ಮೇಲೆ ಎಲೆ ಇಟ್ಟಳು. ಪಕ್ಕದಲ್ಲಿ ಸುಕನ್ಯ ನೀರಿನ ಚೊಂಬು ಹಿಡಿದು, ಇನ್ನೇನು ಬೈಸಿಕೊಳ್ಳಬೇಕೋ ಎಂದು ತಲೆ ತಗ್ಗಿಸಿ ನಿಂತಿದ್ದಳು. ಸೂರಿನ ಶೀಟಿನ ಮೇಲೆ ಕಾಗೆಯೊಂದು ಬಂದು ಕೂತಿತು.

"ಇದು ಕೆರೇದೇ ಕಣಯ್ಯ," ಎಂದಳು ವೆಂಕಟರತ್ನಮ್ಮ. "ಓದ್ ವರ್ಸ ಇವ್ಳು ತಂದಿದ್ದೂ ಕೆರೇದೇ. ಅವತ್ತು ನಾನು ನಿಂಗಿಕ್ಕಿದ್ದು ಮಾತ್ರ ಕೆರೇದಲ್ಲ."

ಸುಕನ್ಯ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಕಾಗೆ ಕತ್ತು ಓರೆ ಮಾಡಿತು, ಇಳಿಯಲಿಲ್ಲ. ಇಬ್ಬರೂ ಕಾಯುತ್ತ ನಿಂತರು.